ಆಟಿಯಲ್ಲೊಂದು ಸಹಾಯಾರ್ಥ ಸಂಜೆ: ನನ್ನ ಅನುಭವ

ಮಂಗಳೂರಿನ ಸರಕಾರಿ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುವ ಬಡವರಿಗೆ ಚಿಕಿತ್ಸೆಯ ಖರ್ಚಿಲ್ಲ, ದಾರಿಯ ಖರ್ಚುಂಟು. ವಾರಕ್ಕೆ ಎರಡು ಸಲ ಬರಬೇಕು, ಜೊತೆಗೆ ಇನ್ನೊಬ್ಬರು ಬೇಕು, ಮರಳುವಾಗ ಬಸ್ಸಿನಲ್ಲಿ ನಿಲ್ಲುವ ತ್ರಾಣ ಇರುವುದಿಲ್ಲ, ಹಾಗಾಗಿ ಆಟೊ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರಿಗಾದರೂ ಉಳಿಯಿತು ಎಂದುಕೊಂಡೆವು. ಆದರೆ ನಮ್ಮ ಊರಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಸರಕಾರಿ ಬಸ್ಸಿಗೆ ಕಾದು ಕೂತರೆ ಯಂತ್ರದ ಸರದಿ ತಪ್ಪುತ್ತದೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಸೇರಿದ ಒಂದು ಸಣ್ಣ ಟ್ರಸ್ಟ್ ಈ ದಾರಿಖರ್ಚು ಕೊಡುತ್ತದೆ. ಹಣ ಮುಗಿಯುತ್ತಾ ಬಂದಾಗ, ಗಲ್ಫಿನಿಂದ ಮರಳಿದ ಸದಸ್ಯರೊಬ್ಬರು "ಒಂದು ಗಾಲಾ ಮಾಡುವ" ಎಂದರು. ಎಲ್ಲ ಜಾತಿ, ಭಾಷೆಯವರೂ ಒಟ್ಟಿಗೆ ಕೂತು ಉಣ್ಣುವುದು, ಆಯಾ ಸಮುದಾಯದ ಮುಂದಾಳುಗಳಿಗೆ ಸನ್ಮಾನ, ಊಟದ ಮೇಜು ಮಾರಿ ನಿಧಿ. ಕೇಳಲು ಚಂದ ಇತ್ತು. ಕಾರ್ಯದರ್ಶಿ ನಾನಾಗಿದ್ದರಿಂದ ಕೆಲಸವೆಲ್ಲ ನನ್ನ ತಲೆಗೆ ಬಂತು.

ದಿನ ಗೊತ್ತುಮಾಡುವಾಗ ಒಂದೇ ಒಂದು ಬುದ್ಧಿವಂತಿಕೆ ಮಾಡಿದೆವು: ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬರುವ ತುಳುವರ ಆಟಿ ತಿಂಗಳು ಹಿಡಿದೆವು. ಆಗ ತುಳುನಾಡಿನಲ್ಲಿ ಮದುವೆ ಇಲ್ಲ, ಹಾಲ್‌ಗಳು ಖಾಲಿ, ಬಾಡಿಗೆಯಲ್ಲಿ ಚೌಕಾಸಿ ನಡೆಯುತ್ತದೆ. ಮೇ ಕೊನೆಯ ಪತ್ತನಾಜೆಗೇ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಕಲಾವಿದರು ಸಿಗುತ್ತಾರೆ. ಮಳೆಯೊಂದೇ ಹೆದರಿಕೆ. ಅದಕ್ಕೆ ಮೈಕಿನವರು ಸ್ಪೀಕರ್ ಎರಡು ಜಾಸ್ತಿ ಹಾಕಿದರು, ಅಷ್ಟೆ. ಶನಿವಾರ ಸಂಜೆ 5.45ಕ್ಕೆ ಸುರು, ಮಗ್ರಿಬ್ ನಮಾಜಿಗೆ ಸರಿಯಾಗಿ 7ಕ್ಕೆ ಚಹಾ ವಿರಾಮ, 10 ಗಂಟೆಗೆ ಮೈಕ್ ಬಂದ್.

ಸನ್ಮಾನಿತರ ಪಟ್ಟಿಯಲ್ಲಿ ಎಡವಿದೆವು. ಮೊದಲ ಸಭೆಯಲ್ಲಿ 22 ಹೆಸರು ಬಂತು. ಎಲ್ಲರೂ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಗೌರವ ಸಲಹೆಗಾರರು. ಅವರಲ್ಲಿ ಹಲವರ ಮನೆಯಲ್ಲಿ ಶಾಲು ಇಡಲಿಕ್ಕೆ ಬೇರೆ ಕಪಾಟೇ ಉಂಟು. ಸಮಿತಿಯಲ್ಲಿದ್ದ ಬ್ಯಾರಿ ಮುಸ್ಲಿಂ ಹುಡುಗನೊಬ್ಬ, ಆಂಬುಲೆನ್ಸ್ ಸಂಘದವ, ಸುಮ್ಮನೆ ಕೇಳಿದ: "ಅಕ್ಕ, ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಾದರೂ ಬಿದ್ದರೆ ನಿಮ್ಮ ಕಡೆಯವರು ಇವರಲ್ಲಿ ಯಾರಿಗೆ ಫೋನ್ ಮಾಡ್ತಾರೆ?" ಒಬ್ಬರಿಗೂ ಇಲ್ಲ. ಪಟ್ಟಿ ಹರಿದೆವು. ಆಮೇಲೆ ಒಂದು ತಿಂಗಳು ಮೀನಿನ ದೋಣಿ ನಿಲ್ಲುವ ದಕ್ಕೆಯಲ್ಲಿ, ಚರ್ಚಿನ ವಾರ್ಡುಗಳಾದ ವಾಳೆಗಳಲ್ಲಿ, ಮಸೀದಿ ಜಮಾತ್‌ಗಳಲ್ಲಿ, ರಥಬೀದಿಯಲ್ಲಿ ಅದೇ ಪ್ರಶ್ನೆ ಕೇಳುತ್ತಾ ತಿರುಗಿದೆ. ಏಳು ಜನ ಸಿಕ್ಕಿದರು. ದಕ್ಕೆಯಲ್ಲಿ ಮೀನು ಮಾರುವ ಹೆಂಗಸರ ಚೀಟಿ ನಡೆಸುವ ಮೊಗವೀರ ಅಜ್ಜಿ, ನಿವೃತ್ತಿಯ ನಂತರವೂ ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಕಟ್ಟಲು ಮನೆಮನೆಗೆ ಹೋಗುವ ಕೊಂಕಣಿ ಕ್ರಿಶ್ಚಿಯನ್ ನರ್ಸ್‌ಬಾಯಿ, ಕರಾವಳಿಯ ಆದಿವಾಸಿಗಳಾದ ಕೊರಗರ ಕಾಲೊನಿಯ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ತಾಲೂಕು ಕಚೇರಿ ಸುತ್ತುವ ಒಬ್ಬ ಯುವಕ, ಹೀಗೆ.

ಏಳನೆಯವರು ನಮಗೆ ಹೊಳೆದದ್ದು ಕೊನೆಗೆ, ಅದೂ ನಾಚಿಕೆಯಿಂದ. ವೈವಿಧ್ಯ ಅಂದರೆ ನಮ್ಮ ಲೆಕ್ಕ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಸ್ವಲ್ಪ ಮಲಯಾಳ, ಅಲ್ಲಿಗೆ ಮುಗಿಯಿತು. ಈ ಊರಿನ ಫ್ಲಾಟುಗಳನ್ನು ಕಟ್ಟುತ್ತಿರುವ ವಿಜಯಪುರ, ಬಾಗಲಕೋಟೆಯ ಕಡೆಯವರು ಲೆಕ್ಕದಲ್ಲೇ ಇರಲಿಲ್ಲ. ಅವರ ಒಂದು ಶೆಡ್ ಸಾಲಿನಲ್ಲಿ ಬಾಣಂತಿಯರನ್ನು ಆಸ್ಪತ್ರೆಗೆ ಸೇರಿಸುವುದರಿಂದ ಹಿಡಿದು ಮೇಸ್ತ್ರಿಯ ಹತ್ತಿರ ಬಾಕಿ ಕೂಲಿ ವಸೂಲಿ ಮಾಡುವ ತನಕ ಎಲ್ಲಕ್ಕೂ ಒಬ್ಬ ಹೆಂಗಸೇ ಮುಂದೆ. ಕರೆಯಲು ಹೋದಾಗ, "ನಮ್ಮನ್ನ್ಯಾಕ ಕರೀತೀರ್ರೀ ಅಕ್ಕಾರ, ಅಡಗಿಗೇನ್ ಮಂದಿ ಕಡಿಮಿ ಬಿದ್ದಾರೇನು?" ಎಂದರು. ತಮಾಷೆಗೆ ಹೇಳಿದ್ದಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಗೇಟಿನಲ್ಲಿ ಅತಿಥಿಗಳನ್ನು ಸ್ವಾಗತಿಸಲು ಕೊರಗರ ಡೋಲು ಇರಲಿ ಎಂದು ನಾನೇ ಬರೆದಿದ್ದೆ. ಆಮಂತ್ರಣದ ಕರಡು ನೋಡಿದ ಆ ಕೊರಗ ಯುವಕ ಸಂಜೆ ಮನೆಗೆ ಬಂದ. ಕೂತುಕೊಳ್ಳಲಿಲ್ಲ. "ಬಾಗಿಲಲ್ಲಿ ನಿಂತು ಬಾರಿಸುವುದಾದರೆ ನಾವಿಲ್ಲ ಮೇಡಂ. ಒಳಗೆ ಸ್ಟೇಜಿನಲ್ಲಿ ಆದರೆ ನಾನೇ ತಂಡ ಕರಕೊಂಡು ಬರ್ತೇನೆ." ಕೊರಗರನ್ನು ಕೀಳಾಗಿ ಕಂಡು, ಎಂಜಲು ತಿನ್ನಿಸಿ ದುಡಿಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲೇ ಕಾಯಿದೆ ಬಂದಿದೆ ಎಂಬುದು ನನಗೆ ಗೊತ್ತಿತ್ತು. ಬ್ಯಾಂಕ್ ಪರೀಕ್ಷೆಗೆ ಓದಿದ ಹಾಗೆ ಗೊತ್ತಿತ್ತು. ಅಂಗಳದ ಹೊರಗೆ ನಿಂತು ಡೋಲು ಬಾರಿಸುವುದೂ ಎಂಜಲೂ ಒಂದೇ ನೆನಪಿನೊಳಗೆ ಇವೆ ಎಂಬುದು ಗೊತ್ತಿರಲಿಲ್ಲ. ಗೇಟಿನಲ್ಲಿ ಡೋಲು ಬಾರಿಸಿದರೆ ಫೋಟೊ ಚಂದ ಬರುತ್ತದೆ ಎಂದಷ್ಟೇ ಯೋಚಿಸಿದ್ದೆ. ಕಾರ್ಯಕ್ರಮದ ಪಟ್ಟಿ ಬದಲಾಯಿತು: ದೀಪ ಹಚ್ಚಿದ ಕೂಡಲೇ ವೇದಿಕೆಯಲ್ಲಿ ಡೋಲು, 12 ನಿಮಿಷ, ಉಳಿದ ಎಲ್ಲ ತಂಡಗಳಷ್ಟೇ ಸಂಭಾವನೆ. ಗೇಟಿನಲ್ಲಿ ಛತ್ರಿ ಹಿಡಿದು ನಿಂತದ್ದು ಸಮಿತಿಯವರು, ನಾನೂ ಸೇರಿ.

ಊಟದ ವಿಷಯ ಬರೆದರೆ ಮುಗಿಯದು. ಹಂದಿ, ದನ ಎರಡೂ ಬೇಡ, ಕೋಳಿ ಹಲಾಲ್, ಸಸ್ಯಾಹಾರಕ್ಕೆ ಬೇರೆ ಭಟ್ಟರು, ಬೇರೆ ಪಾತ್ರೆ: ಇಷ್ಟು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಜಗಳ ಆದದ್ದು ಸಾನ್ನಾಂ ಮೇಲೆ, ಕೊಂಕಣಿ ಕ್ರಿಶ್ಚಿಯನ್ನರ ಇಡ್ಲಿಯಂಥ ತಿಂಡಿ. ಅದರ ಹಿಟ್ಟು ಹುಳಿ ಬರುವುದು ಶೇಂದಿಯಿಂದ. ಶೇಂದಿ ಹಾಕಿದರೆ ಬ್ಯಾರಿಗಳು ಮುಟ್ಟುವುದಿಲ್ಲ. ಯೀಸ್ಟ್ ಹಾಕುವ ಎಂದಾಗ ನರ್ಸ್‌ಬಾಯಿ, "ಹಾಗಾದರೆ ಅದನ್ನು ಸಾನ್ನಾಂ ಅಂತ ಕರೀಬೇಡಿ ಮಾರಾಯ್ರೆ, ಬನ್ನು ಅಂತ ಬೋರ್ಡು ಹಾಕಿ" ಎಂದರು. ಕೊನೆಗೆ ಯೀಸ್ಟೇ ಗೆದ್ದಿತು. ಜೊತೆಗೆ ಕೇದಗೆ ಎಲೆಯ ಮೂಡೆ, ಹಲಸಿನ ಎಲೆಯ ಕೊಟ್ಟಿಗೆ, ಪತ್ರೊಡೆ. ಮೂಡೆಗೂ ಕೊಟ್ಟಿಗೆಗೂ ಹಿಟ್ಟು ಒಂದೇ, ಎಲೆ ಮಾತ್ರ ಬೇರೆ. ಅದನ್ನು ಹಿಡಿದು ಯಾರಾದರೂ ಐಕ್ಯತೆಯ ಭಾಷಣ ಮಾಡಿಯಾರೆಂದು ಹೆದರಿದ್ದೆ. ಒಬ್ಬರು ಮಾಡಿಯೇ ಬಿಟ್ಟರು.

ಹಣದ ವಿಷಯ, ಮಾಡಹೊರಟವರಿಗೆ ಬೇಕಾದೀತು ಎಂದು ಬಿಡಿಸಿ ಹೇಳುತ್ತೇನೆ. ಹತ್ತು ಜನರ ಒಂದು ಮೇಜಿಗೆ ₹20,000. ಮಾರಾಟವಾದದ್ದು 26 ಮೇಜು, ಅಂದರೆ ₹5,20,000. ಸನ್ಮಾನಿತರ ಮನೆಯವರಿಗೆ ಎರಡು ಮೇಜು, ಕಲಾವಿದರಿಗೂ ಊಟ, ಒಟ್ಟು 320 ಎಲೆ, ಎಲೆಗೆ ₹420. ಊಟ, ಹಾಲ್, ಧ್ವನಿ ಬೆಳಕು, ತಂಡಗಳ ಸಂಭಾವನೆ, ವಾಹನ, ಸ್ಮರಣಿಕೆ ಎಲ್ಲ ಸೇರಿ ಖರ್ಚು ₹2,75,400. ಮೇಜಿನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ರಾತ್ರಿಯೇ ಕರಗಿತು. ಸಹಾಯಾರ್ಥ ಸಂಜೆ ಅಂದರೆ ಹೀಗೆಯೇ. ಮುಂದಿನ ಸಲ ಹಾಲ್ ಮತ್ತು ಊಟದ ಖರ್ಚಿಗೆ ಮೊದಲೇ ದಾನಿಗಳನ್ನು ಹಿಡಿಯದೆ ಕೈಹಾಕುವುದಿಲ್ಲ. ಇನ್ನೊಂದು, ಆಡಿಟರ್ ಹೇಳಿಕೊಟ್ಟದ್ದು: ಮೇಜಿನ ಹಣದಲ್ಲಿ ಊಟದ ಬಾಬ್ತು ಬೇರೆ, ದೇಣಿಗೆ ಬೇರೆ ಎಂದು ರಶೀದಿ ಒಡೆಯಬೇಕು, ಅಡ್ಡದಾರಿ ಬೇಡ, ಆದಾಯ ತೆರಿಗೆಯ (80ಜಿ) ರಿಯಾಯಿತಿ ದೇಣಿಗೆಯ ಪಾಲಿಗೆ ಮಾತ್ರ. ನಗದಾಗಿ ₹2,000ಕ್ಕಿಂತ ಹೆಚ್ಚು ಕೊಟ್ಟರೆ ಅದೂ ಇಲ್ಲ. ನೋಟಿನ ಕಟ್ಟು ಹಿಡಿದು ಬಂದ ವ್ಯಾಪಾರಿಯೊಬ್ಬರಿಗೆ ಇದನ್ನು ಹೇಳಲು ಹೋಗಿ ಮುಖ ಕೆಡಿಸಿಕೊಂಡೆ.

ಕೈಹಿಡಿದದ್ದು ಏಲಂ, ಅಂದರೆ ಹರಾಜು. ಚರ್ಚಿನ ತೆನೆಹಬ್ಬ, ಊರಿನ ಭಜನಾ ಮಂದಿರ, ಎಲ್ಲ ಕಡೆ ಏಲಂ ನೋಡಿ ಬೆಳೆದ ಜನ. ಚಿತ್ರ, ಗಡಿಯಾರ ಯಾವುದೂ ಇಡಲಿಲ್ಲ. ಹಲಸಿನಹಣ್ಣು, ನೇಂದ್ರ ಬಾಳೆಗೊನೆ, ಜೇನು, ಒಂದು ಸಿಹಿಗುಂಬಳ. ಕುಂಬಳವನ್ನು ಮೀನಿನ ವ್ಯಾಪಾರಿಯೊಬ್ಬರು ₹11,000ಕ್ಕೆ ಹಿಡಿದು, "ಮತ್ತೆ ಏಲಂ ಹಾಕಿ" ಎಂದು ವಾಪಸ್ ಕೊಟ್ಟರು. ಅದೇ ಕುಂಬಳ ಮೂರು ಸಲ ಮಾರಿಹೋಯಿತು. ಏಲಂ ಮತ್ತು ಅಲ್ಲೇ ಬಂದ ದೇಣಿಗೆ ₹1,93,000. ಖರ್ಚು ಕಳೆದು ಕೈಯಲ್ಲುಳಿದದ್ದು ₹4,37,600. 18 ಮಂದಿಗೆ ತಿಂಗಳಿಗೆ ₹2,000ದಂತೆ ಒಂದು ವರ್ಷಕ್ಕೆ ಸಾಕು.

ಸನ್ಮಾನಪತ್ರ ಓದುವ ಕ್ರಮ ಬಿಟ್ಟಿದ್ದೆವು. ಪ್ರತಿಯೊಬ್ಬರ ಬಗ್ಗೆ ಬೇರೆ ಸಮುದಾಯದ ಒಬ್ಬರು, ಅವರಿಂದ ಉಪಕಾರ ಪಡೆದವರೇ, ಎರಡು ನಿಮಿಷ ಮಾತಾಡಬೇಕು. ನರ್ಸ್‌ಬಾಯಿಯ ಬಗ್ಗೆ ಬ್ಯಾರಿ ಹೆಂಗಸೊಬ್ಬರು ಮಾತಾಡಲು ಎದ್ದು, ಮೈಕ್ ಹಿಡಿದು, "ನನ್ನ ಉಮ್ಮನ ಬೆನ್ನಿನ ಹುಣ್ಣು ಇವರು ತೊಳೆದದ್ದು, ನಾನು ಮೂಗು ಮುಚ್ಚಿಕೊಂಡಿದ್ದೆ" ಎಂದು ಕೂತುಬಿಟ್ಟರು. ಹತ್ತು ಸೆಕೆಂಡೂ ಆಗಲಿಲ್ಲ. ಮುಖ್ಯ ಅತಿಥಿಗಳು ಮಾತ್ರ 25 ನಿಮಿಷ ತೆಗೆದುಕೊಂಡರು. ಅದನ್ನು ತಡೆಯುವ ಉಪಾಯ ನನಗಿನ್ನೂ ಸಿಕ್ಕಿಲ್ಲ.

ಸ್ಮರಣಿಕೆಗೆ ದಪ್ಪ ಗಾಜಿನ ಫಲಕ ಮಾಡಿಸಿದ್ದೆವು. ಮರುದಿನ ಬೆಳಿಗ್ಗೆ ವಿಜಯಪುರದ ಅಕ್ಕ ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. "ಅಕ್ಕಾರ, ಇದನ್ನ ಎಲ್ಲಿ ಇಡ್ಲಿ? ನಮ್ಮ ಶೆಡ್ಡಿಗೆ ತಗಡಿನ ಗ್ವಾಡಿ. ಬಿಲ್ಡಿಂಗ್ ಮುಗದ್ರ ಶೆಡ್ಡೂ ಕೀಳ್ತಾರ. ನಿಮ್ಮ ಮನ್ಯಾಗ ಇರ್ಲಿ." ಈಗ ಅದು ನಮ್ಮ ಶೋಕೇಸಿನಲ್ಲಿದೆ. ಈ ಕಡೆ ಬಂದಾಗಲೆಲ್ಲ ಅವರು ಒಳಗೆ ಬಂದು, ಅದನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಚಹಾ ಕುಡಿದು ಹೋಗುತ್ತಾರೆ.