ಇಳಕಲ್ ಸೀರೆ ಕೊಳ್ಳುವ ಮುನ್ನ ಸೆರಗು ತಿರುಗಿಸಿ ನೋಡಿ

ಹೋದ ವರ್ಷ ಗೌರಿ ಹಬ್ಬಕ್ಕೆ ಒಂದು ಇಳಕಲ್ ಸೀರೆ ತಂದೆ. 'ಪಕ್ಕಾ ಕೈಮಗ್ಗದ್ದು ಮೇಡಂ' ಅಂದಿದ್ದರು ಅಂಗಡಿಯವರು. ಮನೆಯಲ್ಲಿ ಅತ್ತೆ ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ಎಳೆ ಕರಗಿ ಕಪ್ಪು ಮಣಿಯಾಯಿತು. ಪಾಲಿಯೆಸ್ಟರ್!

ಪವರ್‌ಲೂಮ್ ಸೀರೆ, ಅಂದರೆ ಯಂತ್ರದ ಮಗ್ಗದಲ್ಲಿ ನೇಯ್ದದ್ದು, ಉಡುವುದು ತಪ್ಪೇನಲ್ಲ. ಅದನ್ನು ಕೈಮಗ್ಗದ್ದು ಎಂದು ಮಾರಿದಾಗ ಹೊಡೆತ ಬೀಳುವುದು ನೇಕಾರರ ಕೂಲಿಗೆ. ಹಾಗಾಗಿ ಈ ಸಲ ಹೀಗೆ ಮಾಡಿ.

1. ಮೊದಲು ಬೀರು ತೆಗೆಯಿರಿ. ಒಂದೇ ಸಲ ಉಟ್ಟು ಮಡಿಸಿಟ್ಟ ಸೀರೆ ಎಷ್ಟಿವೆ? ಎಣಿಸಿ. ಕೆಲವರಿಗೆ ಅಂಗಡಿಗೆ ಹೋಗುವ ಕೆಲಸವೇ ತಪ್ಪುತ್ತದೆ.

2. ಅಂಗಡಿಯಲ್ಲಿ ಸೀರೆ ಪೂರ್ತಿ ಬಿಚ್ಚಿಸಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗ ಹುಡುಕಿ. ಇಳಕಲ್ಲಿನ ಜೀವ ಇರುವುದೇ ಇಲ್ಲಿ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ತೋಪು ತೆನಿ ಅನ್ನುತ್ತಾರೆ. ಹೀಗಾಗಿ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿಯೇ ಹೂಡಬೇಕು. ಬಟ್ಟೆ ತಿರುಗಿಸಿ ಬೆರಳಾಡಿಸಿ. ಆ ಕೂಡು ಗೆರೆ ಕೈಗೆ ಸಿಗುತ್ತದೆ. ಒಡಲಿನ ಉದ್ದದ ಎಳೆ ನೇರವಾಗಿ ಸೆರಗಿಗೂ ಹರಿದಿದ್ದರೆ, ಅಥವಾ ಸೆರಗನ್ನು ತಂದು ಹೊಲಿದಿದ್ದರೆ, ಅನುಮಾನ ಪಡಿ. ಸೆರಗಿನ ಬಿಳಿ ವಿನ್ಯಾಸ ನೇಯ್ದದ್ದೋ ಅಚ್ಚೊತ್ತಿದ್ದೋ ಅನ್ನುವುದೂ ಹಿಂಬದಿಯಲ್ಲೇ ಗೊತ್ತಾಗುತ್ತದೆ.

3. ನೂಲು ಯಾವುದು ಅಂತ ಬಾಯಿಬಿಟ್ಟು ಕೇಳಿ. ಹತ್ತಿಯಾ, ರೇಷ್ಮೆಯಾ, ಆರ್ಟ್ ಸಿಲ್ಕಾ? ಆರ್ಟ್ ಸಿಲ್ಕ್ ಅಂದರೆ ರೇಷ್ಮೆಯಂತೆ ಹೊಳೆಯುವ ಕೃತಕ ನೂಲು, ಅಷ್ಟೇ. ಉತ್ತರವನ್ನು ಬಿಲ್ಲಿನಲ್ಲೂ ಬರೆಸಿ. ಅನುಮಾನವಿದ್ದರೆ ಮನೆಯಲ್ಲಿ ಒಂದು ಎಳೆ ಸುಡಿ. ಹತ್ತಿ ಕಾಗದದಂತೆ ಉರಿಯುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ.

4. ಗುರುತು ನೋಡಿ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್. ಇಳಕಲ್ ಸೀರೆಗೆ ಜಿಐ (ಇಂಥ ಊರಿನದ್ದು ಎಂದು ಸಾರುವ ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಚೀಟಿ ಇಲ್ಲದ್ದೆಲ್ಲ ನಕಲಿ ಅಂತಲ್ಲ. ಎಷ್ಟೋ ನೇಕಾರರ ಮನೆಯಲ್ಲಿ ಚೀಟಿ ಇರುವುದಿಲ್ಲ, ಮಗ್ಗ ಇರುತ್ತದೆ.

5. ಚೌಕಾಸಿ ಮಾಡಿ, ಆದರೆ ಸೊಪ್ಪಿನ ಕಟ್ಟಿಗೆ ಮಾಡಿದಂತೆ ಅಲ್ಲ. ಹಾಸು ಹೂಡಲು, ಎಳೆ ಕೂಡಿಸಲು ಮನೆಮಂದಿಯೆಲ್ಲ ಕೂತಿರುತ್ತಾರೆ. ನಾನಂತೂ ಈಗ ಮೂರು ಸೀರೆಯ ದುಡ್ಡಲ್ಲಿ ಒಂದೇ ತರುತ್ತೇನೆ.

6. ಮೊದಲ ಕೆಲವು ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಕೆಂಪು ಸೆರಗು ಬಣ್ಣ ಬಿಟ್ಟೀತು, ಜೋಕೆ.

ಸೀರೆ ಹಳತಾದರೆ ಕೌದಿ ಇದ್ದೇ ಇದೆ, ಹಳೆ ಬಟ್ಟೆ ಸೇರಿಸಿ ಹೊಲಿಯುವ ಹೊದಿಕೆ. ಅತ್ತೆ ಈಗ ಒಂದು ಹೊಲಿಯುತ್ತಿದ್ದಾರೆ, ಅವರ ನಾಲ್ಕು ಹಳೆಯ ಇಳಕಲ್ ಸೀರೆ ಸೇರಿಸಿ. ನನ್ನ ಹಬ್ಬದ ಸೀರೆಯನ್ನೂ ಕೊಡಲು ಹೋದೆ. ಮುಟ್ಟಿ ನೋಡಿ ವಾಪಸ್ ಕೊಟ್ಟರು. 'ಇದು ಬೇಡವ್ವಾ, ಸೆಕೆ ಆಗತೈತಿ.'