ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿದ್ದ ಕಾರು: ಬದಲಿಸಬೇಕಾದದ್ದು ಪ್ಯಾಡ್ ಮಾತ್ರ

ನಂದಿ ಬೆಟ್ಟ ಇಳಿದು ಚಿಕ್ಕಬಳ್ಳಾಪುರಕ್ಕೆ ಬರುವಾಗ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಎಡಚಕ್ರ ವಿಪರೀತ ಬಿಸಿಯಾಗುತ್ತಿತ್ತು. ಬ್ರೇಕ್ ಆಯಿಲ್ ಬದಲಿಸಿದ್ದು, ವೀಲ್ ಅಲೈನ್‌ಮೆಂಟ್ ಮಾಡಿಸಿದ್ದು ಯಾವುದೂ ಫಲ ಕೊಡಲಿಲ್ಲ. ಗ್ಯಾರೇಜೊಂದರಲ್ಲಿ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ), ಕ್ಯಾಲಿಪರ್ (ಎರಡು ಬದಿಯ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಎಲ್ಲವನ್ನೂ ಬದಲಿಸಲು ಹೇಳಿದರು. ಅಳೆಯದೆ ಹಾಗೆ ಹೇಳುವುದು ತಪ್ಪು.

ಚಕ್ರ ಬಿಚ್ಚಿ ನೋಡಿದಾಗ ಒಳಗಿನ ಪ್ಯಾಡ್ 2 ಮಿ.ಮೀ., ಹೊರಗಿನದು 7 ಮಿ.ಮೀ. ಉಳಿದಿತ್ತು. ಈ ಅಸಮ ಸವೆತವು ಕ್ಯಾಲಿಪರ್ ಜಾರಲು ಆಧಾರವಾದ ಸ್ಲೈಡ್ ಪಿನ್ ಕಚ್ಚಿಕೊಂಡಿರುವುದರ ಸುಳಿವು. ಡಿಸ್ಕನ್ನು ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆದೆ: ಅತಿ ತೆಳುವಾದಲ್ಲಿ 19.2 ಮಿ.ಮೀ., ಅದರ ಮೇಲೆಯೇ ಅಚ್ಚೊತ್ತಿದ್ದ ಕನಿಷ್ಠ ಮಿತಿ 18, ಆದ್ದರಿಂದ ಉಳಿಸಿಕೊಂಡೆ. ಪಿನ್ ಹೊರತೆಗೆದು, ತುಕ್ಕು ತೆಗೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ (ಸಾಮಾನ್ಯ ಗ್ರೀಸ್ ಪಿನ್ನನ್ನು ಮುಚ್ಚುವ ರಬ್ಬರ್ ಬೂಟನ್ನು ಉಬ್ಬಿಸುತ್ತದೆ), ಅದು ಬೆರಳಿನಿಂದ ತಳ್ಳಿದರೆ ಜಾರುವುದನ್ನು ಖಚಿತಪಡಿಸಿಕೊಂಡು, ಮುಂದಿನ ಎರಡೂ ಚಕ್ರಗಳಿಗೆ ಹೊಸ ಪ್ಯಾಡ್ ಹಾಕಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿದ ನಂತರವೇ ಕಾರನ್ನು ಹೊರತೆಗೆದೆ. ಇಳಿಜಾರಿನಲ್ಲಿ ಎಳೆತ ನಿಂತಿದೆ.