ಕಾಲೇಜಿನಲ್ಲಿ ರೋಬೋಟ್ ಕಾಳಗ ಇಡುವವರಿಗೆ: ಪಂಜರದ ಲೆಕ್ಕ ಮೊದಲು

ಕಾಲೇಜು ಉತ್ಸವಗಳ ದಿನ ಹತ್ತಿರ ಬಂತೆಂದರೆ ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಲೇಥ್ ಅಂಗಡಿಗೆ ಎಂಜಿನಿಯರಿಂಗ್ ಹುಡುಗರ ದಂಡು ಬರತೊಡಗುತ್ತದೆ. ಮೊಬೈಲ್‌ನಲ್ಲಿ ರಿಮೋಟ್ ರೋಬೋಟ್‌ಗಳು ಒಂದನ್ನೊಂದು ಒಡೆಯುವ ಅಮೆರಿಕದ ಯಾವುದೋ ಕಾಳಗದ ವಿಡಿಯೊ ತೋರಿಸಿ, "ಕಾಕಾ, ಇಂಥದೇ ಬ್ಲೇಡ್ ಬೇಕು" ಎನ್ನುತ್ತಾರೆ. ಬ್ಲೇಡ್ ಮಾಡಿಕೊಡುವುದು ದೊಡ್ಡ ಮಾತಲ್ಲ. ಅವು ಸೆಣಸುವ ಪಂಜರ ಯಾರು ಮಾಡುತ್ತಿದ್ದಾರೆ ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಆಟ ಜನರೆದುರು ದೊಡ್ಡದಾಗಿ ನಡೆದದ್ದು 1994ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ. ಸಿನಿಮಾಗಳ ವಿಶೇಷ ದೃಶ್ಯ ತಯಾರಿಸುವ ಸಂಸ್ಥೆಯಲ್ಲಿ ದುಡಿದಿದ್ದ ಮಾರ್ಕ್ ಥಾರ್ಪ್ ಅದಕ್ಕೆ 'ರೋಬೋಟ್ ವಾರ್ಸ್' ಎಂದು ಹೆಸರಿಟ್ಟ. ಮರುವರ್ಷವೇ ಜೇಮಿ ಹೈನೆಮನ್ 'ಬ್ಲೆಂಡೊ' ಎಂಬ ಯಂತ್ರ ತಂದ. ದೊಡ್ಡ ಬಾಣಲೆಯನ್ನು ಬೋರಲು ಹಾಕಿ, ಅಂಚಿಗೆ ಬ್ಲೇಡ್ ಕಟ್ಟಿ, ಇಡೀ ಚಿಪ್ಪನ್ನೇ ಗರಗರ ತಿರುಗಿಸುವ ಯಂತ್ರ. ಅದು ಎದುರಾಳಿಯ ತುಂಡುಗಳನ್ನು ಗೋಡೆ ದಾಟಿಸಿ ಪ್ರೇಕ್ಷಕರತ್ತ ಎಸೆಯಿತು. ಸಂಘಟಕರು ಅದಕ್ಕೆ ಜಂಟಿ ಪ್ರಶಸ್ತಿ ಕೊಟ್ಟು, ಇನ್ನು ಆಡುವುದು ಬೇಡ ಎಂದು ಕೂರಿಸಿದರು. ಯಂತ್ರ ಪಂಜರವನ್ನು ಮೀರಿದ್ದರಿಂದ ಯಂತ್ರವನ್ನೇ ಹೊರಗಿಡಬೇಕಾಯಿತು. ನಿಮ್ಮ ಕಾಲೇಜಿನಲ್ಲಿ ಹಾಗಾಗುವುದು ಬೇಡವಾದರೆ ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಪಂಜರಕ್ಕೆ ಎತ್ತಿಡಿ.

ಪಂಜರ ಕಟ್ಟುವ ಮುನ್ನ ರೋಬೋಟ್‌ಗಳ ತೂಕ ನಿರ್ಧರಿಸಿ. ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಲ್ಲಿ 60 ಕೆ.ಜಿ. ಯಂತ್ರಗಳು ಸೆಣಸುವುದನ್ನು ನೋಡಿ ನಮ್ಮವರಿಗೂ ಅದೇ ಆಸೆ. ಬಿಟ್ಟುಬಿಡಿ. 1.36 ಕೆ.ಜಿ.ಯ ವರ್ಗದಲ್ಲಿ, ಅಂದರೆ ಅಮೆರಿಕದವರ 3 ಪೌಂಡಿನಲ್ಲಿ, ಶುರು ಮಾಡಿ. ಸಣ್ಣದೆಂದು ಮೂಗು ಮುರಿಯುವವರು ಈ ಲೆಕ್ಕ ನೋಡಲಿ: 300 ಗ್ರಾಂ ತೂಕದ, 20 ಸೆಂ.ಮೀ. ಉದ್ದದ ಉಕ್ಕಿನ ಪಟ್ಟಿ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರಲ್ಲಿ ಸುಮಾರು 550 ಜೂಲ್ ಶಕ್ತಿ ಇರುತ್ತದೆ. ಐದೂವರೆ ಕೆ.ಜಿ.ಯ ಕಲ್ಲು 10 ಮೀಟರ್ ಮೇಲಿಂದ ಬಿದ್ದ ಹಾಗೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅಮೆರಿಕದ ಟಿ.ವಿ. ಕಾಳಗ ಬ್ಯಾಟಲ್‌ಬಾಟ್ಸ್‌ನವರೇ ಬ್ಲೇಡಿನ ತುದಿ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿ.ಮೀ. ದಾಟಬಾರದೆಂದು ಮಿತಿ ಹಾಕಿದ್ದಾರೆ. ನೀವು ಅದರ ಅರ್ಧಕ್ಕೇ ಮಿತಿ ಹಾಕಿ, ಯಾರೂ ಅಳುವುದಿಲ್ಲ.

ಈಗ ಪಂಜರ. ಗೋಡೆ, ಚಾವಣಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಪಾಲಿಕಾರ್ಬೊನೇಟ್‌ನದೇ ಆಗಬೇಕು. ಅಂಗಡಿಯವರು ಅಗ್ಗವೆಂದು ಅಕ್ರಿಲಿಕ್ ತೋರಿಸುತ್ತಾರೆ, ನೋಡಲು ಎರಡೂ ಒಂದೇ. ಪೆಟ್ಟು ಬಿದ್ದಾಗ ಪಾಲಿಕಾರ್ಬೊನೇಟ್ ಬಾಗುತ್ತದೆ, ಅಕ್ರಿಲಿಕ್ ಚೂರುಚೂರಾಗಿ ಹಾರುತ್ತದೆ. ಹಾಳೆ 8 ಅಡಿ ಉದ್ದ, 4 ಅಡಿ ಅಗಲಕ್ಕೆ ಸಿಗುತ್ತದೆ. ಹಾಗಾಗಿ 8 ಅಡಿ ಚೌಕದ ಪಂಜರವಾದರೆ ಕತ್ತರಿಸುವ ಕೆಲಸವೇ ಇಲ್ಲ: ಗೋಡೆಗೆ ನಾಲ್ಕು, ಚಾವಣಿಗೆ ಎರಡು. ಎರಡು ಪದರ ಬೇಕಾದ್ದರಿಂದ ಅದರ ದುಪ್ಪಟ್ಟು, ಹನ್ನೆರಡು. 6 ಮಿ.ಮೀ.ಗಿಂತ ತೆಳುವಾದದ್ದನ್ನು ನಾನು ಮುಟ್ಟುವುದಿಲ್ಲ. ಚಾವಣಿ ಬೇಕೇ ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ಮುರಿದ ಬ್ಲೇಡ್ ಮೇಲಕ್ಕೂ ಹಾರುತ್ತದೆ, ತಮ್ಮಾ.

ಚೌಕಟ್ಟಿಗೆ 40 ಮಿ.ಮೀ. ಚೌಕ ಪೈಪು, ಚಾವಣಿಯ ನಡುವೆ ಒಂದು ಅಡ್ಡಪಟ್ಟಿ. ಒಂದು ಪದರ ಪೈಪಿನ ಒಳಮೈಗೆ, ಇನ್ನೊಂದು ಹೊರಮೈಗೆ. ಒಳಪದರವನ್ನು ಒಳಗಿನಿಂದಲೇ ಕೂರಿಸಬೇಕು. ಹಾಗೆ ಮಾಡಿದರೆ ಒಳಗಿನ ಪೆಟ್ಟು ಹಾಳೆಯನ್ನು ಪೈಪಿಗೆ ಒತ್ತುತ್ತದೆ. ಬೋಲ್ಟುಗಳ ಮೇಲೆ ಜಗ್ಗುವುದಿಲ್ಲ. ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ, ಅಂಚಿನಿಂದ ದೂರವಿರಲಿ, ಅಗಲವಾದ ವಾಷರ್ ಹಾಕಿ. ನಮ್ಮ ಬೇಸಿಗೆಯಲ್ಲಿ ಹಾಳೆ ಹಿಗ್ಗುತ್ತದೆ. ಬಿಗಿಯಾದ ತೂತಿನಿಂದಲೇ ಬಿರುಕು ಶುರುವಾಗುವುದು. ಬೋಲ್ಟ್ ಸಡಿಲವಾಗದಿರಲು ಹಾಕುವ ಅಂಟು ದ್ರವ ಹಾಳೆಗೆ ತಾಗಕೂಡದು. ಥಿನ್ನರ್, ಪೆಟ್ರೋಲ್‌ನಿಂದ ಒರೆಸಲೂಕೂಡದು. ಎರಡೂ ಅದನ್ನು ಒಳಗೊಳಗೇ ಸೀಳುತ್ತವೆ. ಸಾಬೂನು ನೀರು ಸಾಕು.

ನೆಲಕ್ಕೆ 18 ಮಿ.ಮೀ. ಪ್ಲೈವುಡ್, ಮೇಲೆ ಉಕ್ಕಿನ ತಗಡು. ತಗಡುಗಳು ಕೂಡುವ ಜಾಗಗಳನ್ನು ಪರೀಕ್ಷಿಸಲು ಸ್ಟೀಲ್ ಸ್ಕೇಲನ್ನು ಓರೆಯಾಗಿ ಹಿಡಿದು ಎಲ್ಲ ದಿಕ್ಕಿಗೂ ಎಳೆಯಿರಿ. ಸ್ಕೇಲ್ ಎಲ್ಲಿ ತಡೆಯುತ್ತದೋ ಅಲ್ಲಿಯೇ ಬೆಣೆಯಾಕಾರದ ರೋಬೋಟ್ ಮೂಗು ಸಿಕ್ಕಿಸಿಕೊಂಡು ನಿಲ್ಲುತ್ತದೆ. ಆಮೇಲೆ ಜಗಳ ರೋಬೋಟ್‌ಗಳ ನಡುವೆ ಇರುವುದಿಲ್ಲ, ತಂಡಗಳ ನಡುವೆ ಇರುತ್ತದೆ. ಪ್ರೇಕ್ಷಕರ ಹಗ್ಗ ಪಂಜರದಿಂದ ಒಂದು ಮೀಟರ್ ಆಚೆಗಿರಲಿ.

ಬ್ಲೇಡಿನ ವಿಷಯಕ್ಕೆ ಬಂದರೆ, ಗುಜರಿಯಿಂದ ಲಾರಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ತಂದು ಕೊಯ್ದುಕೊಡಿ ಎನ್ನುತ್ತಾರೆ. ಉಕ್ಕು ಒಳ್ಳೆಯದೇ, ಆದರೆ ವರ್ಷಗಟ್ಟಲೆ ಬಾಗಿ ಬಾಗಿ ದಣಿದದ್ದು. ಹಳೆಯ ಪರೀಕ್ಷೆಯೊಂದಿದೆ: ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸುಣ್ಣದ ಕಡ್ಡಿಯ ಪುಡಿ ಉಜ್ಜಿ ಸ್ವಲ್ಪ ಹೊತ್ತು ಬಿಡಿ. ಕೂದಲೆಳೆಯ ಬಿರುಕಿದ್ದರೂ ಬಿಳಿಯ ಮೇಲೆ ಒದ್ದೆ ಗೆರೆಯಾಗಿ ಮೂಡುತ್ತದೆ. ಗೆರೆ ಕಂಡರೆ ಗುಜರಿಗೇ ವಾಪಸ್ಸು. ಇನ್ನು ಕೆಲವರಿಗೆ ಬ್ಲೇಡ್ ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದೆಂಬ ಹುಚ್ಚು. ಕಾಯಿಸಿ ಅದ್ದಿ ಗಟ್ಟಿ ಮಾಡಿದ ಮೇಲೆ ಮತ್ತೆ ಹದವಾಗಿ ಕಾಯಿಸದ, ಅಂದರೆ ಟೆಂಪರ್ ಮಾಡದ, ಉಕ್ಕು ಗಾಜಿನ ಹಾಗೆ. ಅಂಥದ್ದನ್ನು ನಾನು ಅಂಗಡಿಯಿಂದ ಹೊರಗೆ ಕೊಡುವುದಿಲ್ಲ.

ಪಂಜರದ ಬಾಗಿಲಲ್ಲಿ ಕ್ರಮ ತಪ್ಪಬಾರದು. ಬ್ಲೇಡಿಗೆ ಅಡ್ಡ ಪಿನ್ನು ಹಾಕಿಕೊಂಡೇ ರೋಬೋಟನ್ನು ಒಳಗಿಡಬೇಕು, ರಿಮೋಟ್ ಮೊದಲು ಚಾಲು ಮಾಡಬೇಕು, ನಂತರ ರೋಬೋಟಿಗೆ ವಿದ್ಯುತ್ ಕೊಡಬೇಕು, ಪಿನ್ನು ತೆಗೆಯುವುದು ಕಟ್ಟಕಡೆಗೆ. ಮುಗಿದ ಮೇಲೆ ಬ್ಲೇಡ್ ಪೂರಾ ನಿಲ್ಲುವವರೆಗೆ ಬಾಗಿಲು ತೆರೆಯಬೇಡಿ. ತೆರೆದ ಕೂಡಲೇ ಪಿನ್ನು, ಆಮೇಲೆ ವಿದ್ಯುತ್ ಬಂದ್. ರಿಮೋಟ್ ಆರಿಸಿದರೆ ರೋಬೋಟ್ ತಾನಾಗಿ ನಿಲ್ಲುತ್ತದೆಯೇ ಎಂದು ಬೆಳಿಗ್ಗೆಯೇ ಪ್ರತಿಯೊಂದನ್ನೂ ನೋಡಿ, ನಿಲ್ಲದಿದ್ದರೆ ಮನೆಗೆ ಕಳಿಸಿ. ಬೆಂಕಿ ಹಿಡಿಯಬಲ್ಲ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬಯಲಲ್ಲೇ ಚಾರ್ಜ್ ಆಗಲಿ, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಅದರ ಹೊಗೆ ವಿಷ.

ಇಷ್ಟಾದರೆ ಯಾರಿಗೂ ಪೆಟ್ಟಾಗುವುದಿಲ್ಲ. ಆದರೆ ಜನ ನಿಲ್ಲುತ್ತಾರೆಯೇ? ಟಿ.ವಿ.ಯಲ್ಲೇ ನಿಲ್ಲಲಿಲ್ಲ. ಕಾಮಿಡಿ ಸೆಂಟ್ರಲ್ ಚಾನೆಲ್ 2000ದಲ್ಲಿ ಬ್ಯಾಟಲ್‌ಬಾಟ್ಸ್ ಶುರು ಮಾಡಿ ಐದು ಸೀಸನ್‌ಗಳ ನಂತರ 2002ರಲ್ಲಿ ನಿಲ್ಲಿಸಿತು. ಬ್ರಿಟನ್ನಿನ ರೋಬೋಟ್ ವಾರ್ಸ್ 1998ರಲ್ಲಿ ಬಿಬಿಸಿಯಲ್ಲಿ ಹುಟ್ಟಿ, ಕೊನೆಗೆ ಚಾನೆಲ್ 5ಕ್ಕೆ ಹೋಗಿ 2004ರಲ್ಲಿ ಮುಗಿಯಿತು. 2015ರಲ್ಲಿ ಅಮೆರಿಕದಲ್ಲಿ, 2016ರಲ್ಲಿ ಬ್ರಿಟನ್ನಿನಲ್ಲಿ ಎರಡಕ್ಕೂ ಮರುಜನ್ಮ ಬಂತು. ಬಿಬಿಸಿ 2018ರಲ್ಲಿ ಮತ್ತೆ ಕೈಬಿಟ್ಟಿತು. ಆಯುಧವಿಲ್ಲದೆ ಬರೀ ತಳ್ಳುವ ಬೆಣೆಯಾಕಾರದ ಯಂತ್ರಗಳ ಕಾಟ ಎಷ್ಟಿತ್ತೆಂದರೆ, ಹೊಸ ಬ್ಯಾಟಲ್‌ಬಾಟ್ಸ್‌ನಲ್ಲಿ ಚಲಿಸುವ ಆಯುಧ ಇಲ್ಲದ ಯಂತ್ರಕ್ಕೆ ಪ್ರವೇಶವೇ ಇಲ್ಲ. ನೀವೂ ಆ ನಿಯಮ ಹಾಕಿ. ಕಾಳಗ ಮೂರು ನಿಮಿಷ ಸಾಕು, ಅಲುಗಾಡದ ಯಂತ್ರಕ್ಕೆ ಹತ್ತು ಎಣಿಸಿ. ಅಂಕ ಕೊಡುವಾಗ ಅವರು ಹಾನಿಗೆ 5, ಹಿಡಿತಕ್ಕೆ 3, ಮುನ್ನುಗ್ಗುವಿಕೆಗೆ 3 ಇಟ್ಟಿದ್ದಾರೆ. ಹಾಗೆಯೇ ತೆಗೆದುಕೊಳ್ಳಿ, ಹೊಸದು ಹೊಸೆಯಬೇಡಿ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಮೈಕ್ ಹಿಡಿಯುವವನು. ನಮ್ಮ ಭಾಗದ ಮಟ್ಟಿ ಕುಸ್ತಿಗೆ ಜನ ಬಿಸಿಲಲ್ಲಿ ಕೂರುವುದು ಪಟ್ಟು ಗೊತ್ತಿರುವುದರಿಂದ. ಪೈಲ್ವಾನ ಕಾಲಿಗೆ ಕೈ ಹಾಕಿದ ಕೂಡಲೇ ಮುಂದೇನೆಂದು ಅಜ್ಜನಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಇಲ್ಲಿ ಎರಡು ಡಬ್ಬಿಗಳು ಡಿಕ್ಕಿ ಹೊಡೆಯುತ್ತವೆ, ಯಾರು ಗೆಲ್ಲುತ್ತಿದ್ದಾರೆಂದೇ ತಿಳಿಯುವುದಿಲ್ಲ. ಆದ್ದರಿಂದ ನಿರೂಪಕ ಕನ್ನಡದಲ್ಲಿ, ಕಾಳಗಕ್ಕೆ ಮೊದಲೇ ಹೇಳಲಿ: ಇದರ ಬ್ಲೇಡ್ ಪೂರ್ತಿ ವೇಗಕ್ಕೆ ಬರಲು ಹೊತ್ತು ಬೇಕು, ಅಷ್ಟರೊಳಗೆ ಅದು ಒಳನುಗ್ಗಬೇಕು, ಇದು ಮಗುಚಿದರೂ ಓಡುತ್ತದೆ, ಅದು ಓಡುವುದಿಲ್ಲ. ಬ್ಲೇಡ್, ಎದುರಾಳಿಯನ್ನು ಎತ್ತಿ ಮಗುಚುವ ಎತ್ತುಗ, ಸುತ್ತಿಗೆ, ಮೂರು ಬಗೆಯ ಆಯುಧಗಳನ್ನು ಮೇಜಿನ ಮೇಲಿಟ್ಟು ಮಕ್ಕಳ ಕೈಗೆ ಕೊಡಿ, ಬ್ಯಾಟರಿ ತೆಗೆದು.

ಹಣದ ಬಗ್ಗೆ ಒಂದು ಮಾತು. ಥಾರ್ಪ್‌ಗೆ ದುಡ್ಡು ಹಾಕಿದ್ದು ಒಂದು ರೆಕಾರ್ಡ್ ಕಂಪನಿ. ಇಬ್ಬರೂ ಕೋರ್ಟಿಗೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಕಾಳಗ 1997ಕ್ಕೆ ನಿಂತಿತು. ಯಂತ್ರ ಕಟ್ಟುವವರು ಅಲ್ಲೇ ಇದ್ದರು, ಅಖಾಡ ಇಲ್ಲವಾಯಿತು. ಹಾಗಾಗಿ ಪ್ರಾಯೋಜಕರ ಹೆಸರು ಬ್ಯಾನರ್ ಮೇಲೆ ಎಷ್ಟು ದೊಡ್ಡದಾಗಿಯಾದರೂ ಇರಲಿ, ಹಾಳೆ ಮತ್ತು ಪೈಪಿನ ರಸೀದಿಗಳು ಮೆಕ್ಯಾನಿಕಲ್ ವಿಭಾಗದ ಹೆಸರಿನಲ್ಲೇ ಇರಬೇಕು, ಸ್ಟಾಕ್ ಪುಸ್ತಕದಲ್ಲಿ ಏರಬೇಕು. ಬಿಚ್ಚಿ ಜೋಡಿಸುವಂತೆ ಮಾಡಿಸಿಕೊಂಡರೆ ಗದಗ, ಹಾವೇರಿಯ ಕಾಲೇಜುಗಳಿಗೂ ಒಂದು ಟೆಂಪೊದಲ್ಲಿ ಹೋಗುತ್ತದೆ. ಬಿಚ್ಚುವಾಗ ಪೈಪು, ಹಾಳೆ ಎರಡಕ್ಕೂ ಒಂದೇ ನಂಬರು ಬರೆದಿಡಿ, ಹಾಳೆಗಳ ನಡುವೆ ಹಳೆಯ ಹಾಸಿಗೆ ಬಟ್ಟೆ ಹಾಕಿ, ನಿಲ್ಲಿಸಿಯೇ ಸಾಗಿಸಿ.